ಆ ಕೈಯ ದಾರ ಈ ಕೈಗೆ

ಕೇಳುಗರಿಗೆ ನಮಸ್ಕಾರ.

ಸಲೈನ್ ಹಾಕುವ ಮೊದಲು ನರ್ಸ್ ನಿಮ್ಮ ಕೈ ಹಿಡಿದು, ತಿರುಗಿಸಿ, ನೋಡುತ್ತಾಳೆ ಅಲ್ವಾ? ಅವಳು ನರ ಹುಡುಕುತ್ತಿರುತ್ತಾಳೆ. ನಮ್ಮ ರಾಯಚೂರು ಸೀಮೆಯಲ್ಲಿ ನರಕ್ಕಿಂತ ಮೊದಲು ಕಾಣುವುದು ದಾರ. ಹುಲಿಗೆಮ್ಮನ ಗುಡಿಯ ದಾರ, ದರ್ಗಾದಲ್ಲಿ ಓದಿಸಿ ಕಟ್ಟಿದ ತಾಯತ, ಅಜ್ಜಿ ದೃಷ್ಟಿಗೆಂದು ಕಟ್ಟಿದ ಕರಿದಾರ.

ನರ್ಸ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ನಾನು ಅಂಥ ದಾರವೊಂದನ್ನು ಕತ್ತರಿಸಿಬಿಟ್ಟೆ. ಬಸುರಿ ಹೆಣ್ಣುಮಗಳು. ಕೈ ಊದಿಕೊಂಡಿತ್ತು, ಸೂಜಿ ಹಾಕಲು ಜಾಗ ಬೇಕಿತ್ತು, ಕತ್ತರಿ ಟ್ರೇಯಲ್ಲೇ ಇತ್ತು. ಅವಳನ್ನು ಒಂದು ಮಾತು ಕೇಳಲಿಲ್ಲ. ದಾರ ನೆಲಕ್ಕೆ ಬಿತ್ತು. ಅವಳು ಕೂಗಾಡಲಿಲ್ಲ. ನೆಲದ ಕಡೆ ಒಮ್ಮೆ ನೋಡಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಡುರಾತ್ರಿ ಹೊಟ್ಟೆನೋವು ಜಾಸ್ತಿ ಆಯಿತು. ಆಗಲೂ ನನ್ನನ್ನು ಕರೆಯಲಿಲ್ಲ. ಪಕ್ಕದ ಮಂಚದವರು ಓಡಿ ಬಂದು ಹೇಳಿದರು.

ನೋವು ತಡೆಯಲಾಗದಿದ್ದರೂ ಆಕೆ ನನ್ನನ್ನು ಕರೆಯಲಿಲ್ಲ. ಇದನ್ನು ನಾನು ಇವತ್ತಿಗೂ ಮರೆತಿಲ್ಲ. ನಂಬಿಕೆ ಹೋದರೆ ರೋಗಿ ಮಾತು ನಿಲ್ಲಿಸುತ್ತಾಳೆ. ರೋಗಿ ಮಾತು ನಿಲ್ಲಿಸಿದರೆ ನಮಗೆ ಏನೂ ಗೊತ್ತಾಗುವುದಿಲ್ಲ.

ಈಗ ನಾನು ನರ್ಸಿಂಗ್ ಸೂಪರಿಂಟೆಂಡೆಂಟ್. ಯಾವ ವಾರ್ಡಿಗೆ ಯಾರು, ರಾತ್ರಿ ಪಾಳಿಗೆ ಎಷ್ಟು ಜನ, ಯಾವ ಸಾಮಾನು ತರಿಸಬೇಕು, ಎಲ್ಲದಕ್ಕೂ ನನ್ನ ಸಹಿ ಬೇಕು. ಈ ಕುರ್ಚಿಗೆ ಹೇಗೆ ಬಂದಿರಿ ಅಂತ ಹುಡುಗಿಯರು ಕೇಳುತ್ತಾರೆ. ಅದನ್ನೇ ಇವತ್ತು ಹೇಳುತ್ತೇನೆ.

ನಮ್ಮದು ದೇವದುರ್ಗ ತಾಲ್ಲೂಕಿನ ಹಳ್ಳಿ. ಡಾಕ್ಟರ್ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗವೂ ಇತ್ತು. ನಮಗೆ ಅದು ವರದಿ ಓದಿ ತಿಳಿಯಬೇಕಾದ ವಿಷಯವಲ್ಲ. ತಮ್ಮ ಹುಟ್ಟುವಾಗ ಅವ್ವನನ್ನು ಎತ್ತಿನ ಬಂಡಿಯಲ್ಲಿ ಕರೆದೊಯ್ದರು. ಅವ್ವ ಉಳಿದಳು, ತಮ್ಮ ಉಳಿಯಲಿಲ್ಲ.

ಅವ್ವ ಹತ್ತಿ ಬಿಡಿಸಲು ಕೂಲಿಗೆ ಹೋಗುತ್ತಿದ್ದಳು. ಆ ದುಡ್ಡಿನಲ್ಲಿ ನಾನು ಜಿಎನ್‌ಎಂ ಎಂಬ ನರ್ಸಿಂಗ್ ಕೋರ್ಸ್ ಸೇರಿದೆ. ಹತ್ತನೇ ತರಗತಿವರೆಗೆ ಕನ್ನಡ ಶಾಲೆ, ಇಲ್ಲಿ ಪುಸ್ತಕ ಎಲ್ಲಾ ಇಂಗ್ಲಿಷ್. ಮೊದಲ ವರ್ಷ ಎರಡು ವಿಷಯದಲ್ಲಿ ಫೇಲ್ ಆದೆ. ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ ಎಲುಬಿನ ಹೆಸರು, ಔಷಧಿಯ ಹೆಸರು ಕನ್ನಡ ಅಕ್ಷರದಲ್ಲಿ ಬರೆದು ಹಾಸ್ಟೆಲ್ ಗೋಡೆಗೆ ಅಂಟಿಸಿದೆ. ಫೀಮರ್, ಟಿಬಿಯಾ, ಫಿಬುಲಾ ಅಂತ ಬಟ್ಟೆ ಒಗೆಯುವಾಗಲೂ ಗುನುಗುತ್ತಿದ್ದೆ. ಅಲ್ಲಿ ಅವ್ವ ಹುಲಿಗೆಮ್ಮನಿಗೆ ಹರಕೆ ಹೊತ್ತಳು. ಇಲ್ಲಿ ನಾನು ರಾತ್ರಿ ಎರಡರ ತನಕ ಓದಿದೆ. ಪಾಸಾದೆ. ಹರಕೆ ಫಲಿಸಿತೋ ಓದು ಫಲಿಸಿತೋ ಅಂತ ನಾನು ಯಾವತ್ತೂ ಬೇರೆ ಮಾಡಿ ನೋಡಲು ಹೋಗಿಲ್ಲ.

ಇನ್ನೊಂದು ರಾತ್ರಿಯ ಮಾತು. 108 ಆಂಬುಲೆನ್ಸ್ ನಮ್ಮ ರಾಜ್ಯದಲ್ಲಿ ಶುರುವಾಗಿದ್ದು 2008ರಲ್ಲಿ. ಅದಾಗಿ ಕೆಲವು ವರ್ಷ ಕಳೆದಿತ್ತು. ಆಗ ನಾನು ಬೇರೊಂದು ಆಸ್ಪತ್ರೆಯಲ್ಲಿದ್ದೆ. ಆಗ ನಮ್ಮನ್ನು ಸ್ಟಾಫ್ ನರ್ಸ್ ಅನ್ನುತ್ತಿದ್ದರು, ಈಗ ಶುಶ್ರೂಷಾಧಿಕಾರಿ ಅನ್ನುತ್ತಾರೆ. 108ರಲ್ಲಿ ಒಬ್ಬ ಹುಡುಗಿಯನ್ನು ಕರೆತಂದರು. ಹತ್ತೊಂಬತ್ತು ವರ್ಷ, ಚೊಚ್ಚಲ ಬಸುರಿ. ತಾಯಿಯ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದಳು, ಕಟ್ಟಡದ ಕೆಲಸಕ್ಕೆ. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಊರಲ್ಲಿ ಟ್ರಂಕಿನೊಳಗೇ ಉಳಿದಿತ್ತು. ತಿಂಗಳುಗಟ್ಟಲೆ ಬಿಪಿ ನೋಡಿದವರಿಲ್ಲ. ನಾನು ನೋಡಿದಾಗ ಮೇಲಿನದು 170, ಕೆಳಗಿನದು 110. ದಾರಿಯಲ್ಲೇ ಫಿಟ್ಸ್ ಬಂದಿತ್ತು.

ಇದಕ್ಕೆ ಕೊಡುವುದು ಮ್ಯಾಗ್ನೀಷಿಯಂ ಸಲ್ಫೇಟ್. ಜೀವ ಉಳಿಸುವ ಔಷಧಿ. ಆದರೆ ಮೈಯಲ್ಲಿ ಜಾಸ್ತಿಯಾದರೆ ಉಸಿರನ್ನೇ ನಿಲ್ಲಿಸುತ್ತದೆ. ಅದಕ್ಕೇ ನಾಲ್ಕು ಗಂಟೆಗೊಮ್ಮೆ ಮುಂದಿನ ಡೋಸ್ ಕೊಡುವ ಮೊದಲು ಮೂರು ವಿಷಯ ನೋಡಲೇಬೇಕು. ಮೂತ್ರ ಗಂಟೆಗೆ 30 ಮಿಲಿಯಾದರೂ ಬರುತ್ತಿದೆಯಾ? ಉಸಿರು ನಿಮಿಷಕ್ಕೆ 16ಕ್ಕಿಂತ ಕಡಿಮೆ ಆಗಿಲ್ಲ ತಾನೇ? ಮೊಣಕಾಲಿನ ಕೆಳಗೆ ತಟ್ಟಿದರೆ ಕಾಲು ಜಿಗಿಯುತ್ತದಾ? ತಟ್ಟಲು ಪುಟ್ಟ ರಬ್ಬರ್ ಸುತ್ತಿಗೆ ಇರುತ್ತದೆ. ಆ ರಾತ್ರಿ ಅದು ಸಿಗಲಿಲ್ಲ. ಅವಳ ಕಾಲಿನ ಕೆಳಗೆ ನನ್ನ ಎಡಗೈ ಇಟ್ಟು, ಬಲ ಅಂಗೈಯ ಅಂಚಿನಿಂದ ತಟ್ಟಿದೆ. ಕಾಲು ಜಿಗಿಯಿತು. ನಾಲ್ಕು ಗಂಟೆ ಬಿಟ್ಟು ಮತ್ತೆ ತಟ್ಟಿದೆ, ಮತ್ತೆ ಜಿಗಿಯಿತು.

ವಾರ್ಡಿನಲ್ಲಿ ನಲವತ್ತು ಮಂಚ, ನಾನೊಬ್ಬಳೇ. ಬೋಧನಾ ಆಸ್ಪತ್ರೆಯಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬರು ಇರಬೇಕು ಅಂತ ಭಾರತೀಯ ನರ್ಸಿಂಗ್ ಪರಿಷತ್ತು ಹೇಳುತ್ತದೆ. ಆ ಹುಡುಗಿಯ ಎದೆ ಏರಿಳಿಯುವುದನ್ನು ಗಡಿಯಾರ ಹಿಡಿದು ಎಣಿಸುವಾಗ ಅತ್ತಿಂದ ಇಬ್ಬರು, ಇತ್ತಿಂದ ಒಬ್ಬರು ಕರೆಯುತ್ತಿದ್ದರು. ಹುಲಿಗೆಮ್ಮಾ, ನನ್ನ ಎಣಿಕೆ ತಪ್ಪದ ಹಾಗೆ ನೋಡ್ಕೋ ಅಂತ ಬೇಡಿಕೊಂಡೆ. ಅಷ್ಟೇ ಬೇಡಿದ್ದು. ನನ್ನ ಕೆಲಸವನ್ನು ಅವಳ ಮೇಲೆ ಹಾಕಲಿಲ್ಲ, ನಾನು ಮಾಡುವ ಕೆಲಸದ ಪಕ್ಕ ನಿಲ್ಲು ಅಂತ ಕೇಳಿದೆ. ನನ್ನ ಭಕ್ತಿ ಅಂದರೆ ಇಷ್ಟೇ.

ತಾಯಿ, ಮಗು ಇಬ್ಬರೂ ಉಳಿದರು. ಎರಡು ದಿನ ಬಿಟ್ಟು ಸರ್ಕಾರದ ಸಹಾಯಧನದ ಅರ್ಜಿ ತುಂಬುವಾಗ, ಗಂಡನ ಹೆಸರೇನು ಅಂತ ಕೇಳಿದೆ. ಅವಳ ತಾಯಿ ಸೆರಗನ್ನು ಬಾಯಿಗೆ ಹಿಡಿದು ಮೆಲ್ಲಗೆ ಹೇಳಿದಳು. "ಗಂಡ ಅಂತ ಯಾರೂ ಇಲ್ರೀ ಅಕ್ಕಾರ. ಹುಲಿಗೆಮ್ಮಗ ಬಿಟ್ಟೀವಿ."

ದೇವದಾಸಿ ಬಿಡುವುದನ್ನು ನಿಷೇಧಿಸಿ ನಮ್ಮಲ್ಲಿ 1982ರಲ್ಲೇ ಕಾಯ್ದೆ ಮಾಡಿದ್ದರು. ಈ ಹುಡುಗಿ ಹುಟ್ಟಿದ್ದೇ ಆಮೇಲೆ. ನನ್ನ ಕೈ ಪೆನ್ ಹಿಡಿದಲ್ಲೇ ನಿಂತಿತು. ನಾನು ಅದೇ ಹುಲಿಗೆಮ್ಮನ ಭಕ್ತೆ. ಹುಣ್ಣಿಮೆಗೆ ಮುನಿರಾಬಾದ್ ಹತ್ತಿರದ ಹುಲಿಗಿಗೆ ಹೋಗಿ, ತುಂಗಭದ್ರೆಯಲ್ಲಿ ಮಿಂದು ಬರುವವಳು. ಅದೇ ಅಮ್ಮನ ಹೆಸರು ಹೇಳಿ ಒಂದು ಹುಡುಗಿಗೆ ಹೀಗೆ ಮಾಡಿದ್ದಾರೆ. ಬಹಳ ದಿನ ನನಗೆ ಗುಡಿಗೆ ಹೋಗಲು ಆಗಲಿಲ್ಲ. ಆಮೇಲೆ ಹೋದೆ. ಅಮ್ಮ ಯಾವ ಮಗಳನ್ನೂ ಹೀಗೆ ಕೇಳಿಲ್ಲ, ಕೇಳಿದವರು ಮನುಷ್ಯರು ಅಂತ ನನ್ನ ಮನಸ್ಸಿಗೆ ಖಾತ್ರಿಯಾದ ಮೇಲೆ ಹೋದೆ.

ಆದರೆ ಅರ್ಜಿಯ ಆ ಗೆರೆ ಹಾಗೇ ಇತ್ತು. ಅಲ್ಲಿ ಹೆಸರಿಲ್ಲದಿದ್ದರೆ ಕಾಗದ ಮುಂದೆ ಹೋಗುವುದಿಲ್ಲ ಅಂದರು. ಯಾರದೋ ಒಂದು ಹೆಸರು ಬರೆದುಬಿಡಿ ಅಂತಲೂ ಹೇಳಿದರು. ಇಂಥವರೆಲ್ಲ ಹಾಗೇ ಸುಳ್ಳು ಹೆಸರು ಬರೆಸುತ್ತಾರೆ. ನಾಳೆ ಆಧಾರ್‌ನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು ಆಗಿ, ಬರಬೇಕಾದ ದುಡ್ಡು ಬರುವುದಿಲ್ಲ. ಎಲ್ಲರಿಗೂ ಒಂದೇ ಅರ್ಜಿ, ಅದಕ್ಕೇ ಎಲ್ಲರೂ ಸಮಾನರು ಅಂತ ಅಂದುಕೊಂಡಿರುತ್ತೇವೆ. ಆ ಗೆರೆ ದಾಟಲಾಗದವಳಿಗೆ ಅದು ಬಾಗಿಲೇ ಮುಚ್ಚಿದ ಹಾಗೆ. ಅವತ್ತಿನಿಂದ ನನಗೆ ಒಂದು ಆಸೆ ಹುಟ್ಟಿತು. ಅರ್ಜಿ ತುಂಬುವಲ್ಲಿ ಅಲ್ಲ, ಅರ್ಜಿ ಹೇಗಿರಬೇಕು ಅಂತ ತೀರ್ಮಾನ ಮಾಡುವಲ್ಲಿ ನಾನು ಕೂರಬೇಕು.

ಅಲ್ಲಿ ಹೋಗಿ ಕೂತಾಗ ಯಾರೂ ಮಾಲೆ ಹಾಕಲಿಲ್ಲ. ಒಂದು ಸಭೆಯಲ್ಲಿ, ನೀವು ಇಂಜೆಕ್ಷನ್ ಕೊಡೋರು, ಖರೀದಿ ವಿಷಯ ನಿಮಗ್ಯಾಕಮ್ಮ ಅಂದರು. ಆ ಖರೀದಿಯಲ್ಲಿ ಬಂದ ಹೊಸ ಟ್ರಾಲಿಗಳು ಹಳೇ ಹೆರಿಗೆ ಕೋಣೆಯ ಬಾಗಿಲಿಗಿಂತ ಅಗಲ ಇದ್ದವು. ನೋವು ತಿನ್ನುವ ಹೆಣ್ಣುಮಕ್ಕಳನ್ನು ಹೊಸ್ತಿಲಲ್ಲಿ ಬೆಡ್‌ಶೀಟ್ ಸಮೇತ ಎತ್ತಿ ಒಳಗೆ ಒಯ್ದೆವು. ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ದಾಟುವವರನ್ನು ಯಾರೂ ಕೇಳಿರಲಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ, ಮೇ 12, ನಾವು ದೀಪ ಹಚ್ಚಿ ಪ್ರತಿಜ್ಞೆ ಮಾಡುತ್ತೇವೆ. ದೀಪ ಎಲ್ಲರಿಗೂ ನೆನಪಿದೆ. ಆಕೆ ಸತ್ತ ಸೈನಿಕರ ಲೆಕ್ಕ ಇಟ್ಟು, ಗಾಯಕ್ಕಿಂತ ಕೊಳಕಿನಿಂದ ಬರುವ ರೋಗಕ್ಕೆ ಸತ್ತವರೇ ಜಾಸ್ತಿ ಅಂತ ಚಿತ್ರ ಬರೆದು ಸರ್ಕಾರಕ್ಕೆ ತೋರಿಸಿದ್ದು ಕಡಿಮೆ ಜನಕ್ಕೆ ಗೊತ್ತು. ನಾನೂ ಒಂದು ನೋಟ್‌ಬುಕ್ ಇಟ್ಟೆ. ಯಾವ ತಾಲ್ಲೂಕಿನವರು, ಎಷ್ಟು ಹೊತ್ತಿಗೆ ಬಂದರು, ರಕ್ತ ಎಷ್ಟಿತ್ತು. ಬಸುರಿಗೆ ಹಿಮೋಗ್ಲೋಬಿನ್ 11 ಇರಬೇಕು, 7ಕ್ಕಿಂತ ಕೆಳಗಿಳಿದರೆ ಜೀವಕ್ಕೇ ಅಪಾಯ. ಹಾಗೆ ಇಳಿದವರು ಯಾವ ದಾರಿಯ ಬಸ್ಸಿನಲ್ಲಿ ಬರುತ್ತಾರೆ ಅಂತ ನೋಟ್‌ಬುಕ್ ಹೇಳಿತು. ಆ ಬಸ್ಸು ರಾಯಚೂರು ಮುಟ್ಟುವ ಹೊತ್ತಿಗೆ ಚೀಟಿ ಕೊಡುವುದು ಮುಗಿಯುತ್ತಾ ಬಂದಿರುತ್ತಿತ್ತು. ಊರಿನವರು ಮುಂದೆ, ಹಳ್ಳಿಯವರು ಕೊನೆಯ ಬೆಂಚಿನಲ್ಲಿ. ಈ ನೋಟ್‌ಬುಕ್ ಮೇಜಿನ ಮೇಲೆ ಇಟ್ಟ ದಿನ ಸಭೆಯಲ್ಲಿ ಮೊದಲ ಸಲ ನನ್ನ ಮಾತನ್ನು ಕೊನೆಯವರೆಗೆ ಕೇಳಿದರು.

ಈಗ ನನ್ನ ಕೈಲಾದಷ್ಟು ಮಾಡಿದ್ದೇನೆ. ಬಸುರಿಯರಿಗೆ ಚೀಟಿ ಕೊಡುವ ಹೊತ್ತು ಆ ಬಸ್ಸಿಗೆ ಹೊಂದಿದೆ. ಸರ್ಕಾರದ ಅರ್ಜಿ ಬದಲಿಸುವುದು ನನ್ನ ಕೈಯಲ್ಲಿಲ್ಲ. ನಮ್ಮ ವಾರ್ಡಿನ ರಿಜಿಸ್ಟರಿನಲ್ಲಿ ಮಾತ್ರ ಗಂಡನ ಹೆಸರು ಎಂದಿದ್ದ ಕಡೆ, ಜೊತೆಗೆ ಬಂದವರ ಹೆಸರು ಅಂತ ಬರೆಸಿದ್ದೇನೆ. ದಾರ ಕತ್ತರಿಸುವ ಹಾಗಿಲ್ಲ. ಕೇಳಿ, ಬಿಚ್ಚಿ, ಆ ಕೈಯ ದಾರ ಈ ಕೈಗೆ ಕಟ್ಟಬೇಕು. ನಮ್ಮ ಭಾಗದವರಿಗೆ ಸರ್ಕಾರಿ ಕೆಲಸದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371ಜೆ ಬಂದ ಮೇಲೆ ನಮ್ಮ ಭಾಗದ ಹುಡುಗಿಯರು ಜಾಸ್ತಿ ಕೆಲಸಕ್ಕೆ ಬಂದಿದ್ದಾರೆ. ಮಸ್ಕಿಯವಳಿಗೆ ಮಸ್ಕಿಯ ಮಾತು ಅರ್ಥವಾಗುತ್ತದೆ. ಇದು ಸಣ್ಣ ವಿಷಯ ಅಲ್ಲ.

2024ರ ನವೆಂಬರ್ ಹೊತ್ತಿಗೆ ಪಕ್ಕದ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಸಲೈನ್ ಬಾಟಲಿಯ ಗುಣಮಟ್ಟದ ಬಗ್ಗೆ ಪ್ರಶ್ನೆ ಎದ್ದಿತು. ನನಗೆ ಎಷ್ಟೋ ದಿನ ನಿದ್ದೆ ಬರಲಿಲ್ಲ. ಬಾಟಲಿ ತೂಗುಹಾಕುವವರು ನಾವು. ರೋಗಿಗೆ ಚಳಿ ಬಂತು, ಮೈ ನಡುಗಿತು ಅಂತ ಮೊದಲು ಕಾಣುವುದು ನಮಗೆ. ಈ ಬಾಟಲಿ ಬೇಡ, ನಿಲ್ಲಿಸಿ ಅಂತ ನರ್ಸ್ ಹೇಳಿದರೆ ಇಡೀ ಆಸ್ಪತ್ರೆ ಕೇಳುವ ಹಾಗಿರಬೇಕು. ನರ್ಸ್‌ಗಳು ದೊಡ್ಡ ಹುದ್ದೆಗೆ ಬರಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಸುಗ್ಗಿ ಮುಗಿದರೆ ಮತ್ತೆ ಗುಳೆ ಹೊರಡುತ್ತೀರಿ. ಜೋಳದ ಚೀಲ, ಪಾತ್ರೆ, ಹಾಸಿಗೆ ಕಟ್ಟುವಾಗ ತಾಯಿ ಕಾರ್ಡನ್ನೂ ಆ ಗಂಟಿನಲ್ಲಿ ಇಡಿ. ಬೆಂಗಳೂರಾಗಲಿ, ಪುಣೆಯಾಗಲಿ, ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಬಿಪಿ ನೋಡಿಸಿ. ಬಸುರಿಗೆ ತಲೆನೋವು ಬಿಡುತ್ತಿಲ್ಲ, ಕಣ್ಣು ಮಂಜು, ಮುಖ ಊದಿದೆ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ, ಆ ರಾತ್ರಿಯೇ 108ಕ್ಕೆ ಫೋನ್ ಮಾಡಿ. ಗುಡಿಗೆ ಹೋಗಿ ದಾರ ಕಟ್ಟಿಸಿಕೊಂಡು ಬಂದಿದ್ದರೂ ಯಾರೂ ಬೈಯುವುದಿಲ್ಲ. ಬೇಗ ಬನ್ನಿ.

ನಮಸ್ಕಾರ.