ಭಾರದ ಲೆನ್ಸಿಗೆ ಕೈಗೆಟುಕುವ ಟ್ರೈಪಾಡ್ ಹೆಡ್

ಎಲ್ಲರಿಗೂ ನಮಸ್ಕಾರ.

ಲೆನ್ಸ್ ಕೊಳ್ಳುವ ಮುಂಚೆ ನಾವು ತಿಂಗಳುಗಟ್ಟಲೆ ವಿಚಾರಿಸುತ್ತೇವೆ, ಕಂತು ಲೆಕ್ಕ ಹಾಕುತ್ತೇವೆ, ಮನೆಯವರನ್ನು ಒಪ್ಪಿಸುತ್ತೇವೆ. ಅದೇ ಟ್ರೈಪಾಡ್ ಹೆಡ್, ಅಂದರೆ ಮುಕ್ಕಾಲಿಯ ತುದಿಯಲ್ಲಿ ಕ್ಯಾಮೆರಾ ಹಿಡಿದು ತಿರುಗಿಸುವ ಭಾಗದ ವಿಷಯಕ್ಕೆ ಬಂದರೆ, ಡಬ್ಬಿಯ ಮೇಲೆ ‘15 ಕೆ.ಜಿ.’ ಅಂತ ಇದ್ದರೆ ಸಾಕು, ಕಣ್ಣು ಮುಚ್ಚಿ ದುಡ್ಡು ಕೊಡುತ್ತೇವೆ. ನಮ್ಮ ಲೆನ್ಸು, ಕ್ಯಾಮೆರಾ ಎರಡೂ ಸೇರಿ ಮೂರು ಕೆ.ಜಿ. ಹದಿನೈದು ತಡೆಯುತ್ತದೆ ಅಂದರೆ ಧಾರಾಳ ಆಯ್ತಲ್ವಾ ಅನ್ನೋ ಲೆಕ್ಕ.

ಆ ಅಂಕಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಹೀಗೇ ಅಳೆಯಬೇಕು ಅಂತ ಎಲ್ಲ ಕಂಪನಿಗಳೂ ಒಪ್ಪಿಕೊಂಡ ಪದ್ಧತಿ ಇಲ್ಲ. ನೆಟ್ಟಗೆ ಮೇಲಿಂದ ಭಾರ ಇಟ್ಟು ಅಳೆದರೆ ಒಂದು ಉತ್ತರ, ಓರೆ ಮಾಡಿ ಅಳೆದರೆ ಇನ್ನೊಂದು. ಹಕ್ಕಿ ಫೋಟೋ ತೆಗೆಯುವವರು ಲೆನ್ಸನ್ನು ನೆಟ್ಟಗೆ ಇಟ್ಟುಕೊಳ್ಳುವುದು ಯಾವಾಗ ಹೇಳಿ? ತೂಕ ಎಷ್ಟು ಅನ್ನುವುದಕ್ಕಿಂತ ಆ ತೂಕ ಹೆಡ್ಡಿನ ತಿರುಗುವ ಜಾಗದಿಂದ ಎಷ್ಟು ದೂರ ಕೂತಿದೆ ಅನ್ನುವುದು ಮುಖ್ಯ. ಇಷ್ಟು ಹಿಡಿದುಕೊಂಡರೆ ಕಡಿಮೆ ದುಡ್ಡಿನಲ್ಲಿ ಸರಿಯಾದ ಹೆಡ್ ಹುಡುಕುವುದು ಕಷ್ಟವಲ್ಲ.

ಮೊದಲು ನಮ್ಮ ಕೈಯಲ್ಲಿರುವ ಭಾರ ನೋಡೋಣ. ನಿಕಾನ್ 200-500 (ಹೆಸರಿನ ಈ ಅಂಕಿಗಳು ಲೆನ್ಸಿನ ಫೋಕಲ್ ಲೆಂಗ್ತ್, ಎಂ.ಎಂ.ನಲ್ಲಿ) ಕಾಲರ್, ಅಂದರೆ ಲೆನ್ಸನ್ನು ಸುತ್ತಿ ಹಿಡಿಯುವ ಬಳೆ, ಸೇರಿ 2.3 ಕೆ.ಜಿ. ಸೋನಿ 200-600 ಫುಟ್ (ಆ ಬಳೆಯ ಕೆಳಗಿನ ಪಾದ) ಬಿಟ್ಟು 2.1 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ಟ್ಯಾಮ್ರಾನ್ 150-600 ಜಿ2, ಸಿಗ್ಮಾ 150-600 ಕಂಟೆಂಪರರಿ ಎರಡೂ ಎರಡು ಕೆ.ಜಿ. ಆಸುಪಾಸು. ಸಿಗ್ಮಾದವರದ್ದೇ ಡಿಎಸ್‌ಎಲ್‌ಆರ್ ಕಾಲದ ಸ್ಪೋರ್ಟ್ ಲೆನ್ಸ್ 2.86 ಕೆ.ಜಿ. ಸೆಕೆಂಡ್ ಹ್ಯಾಂಡಲ್ಲಿ ಕ್ಯಾನನ್ 600 ಎಫ್/4 ಎರಡನೇ ಆವೃತ್ತಿ ಕೊಂಡ ಅದೃಷ್ಟವಂತರು ಇದ್ದರೆ, ಅವರದ್ದು 3.9 ಕೆ.ಜಿ. ಇದಕ್ಕೆಲ್ಲ ಕ್ಯಾಮೆರಾ ಬಾಡಿಯ ಮುಕ್ಕಾಲು ಕೆ.ಜಿ.ಯೋ ಒಂದು ಕೆ.ಜಿ.ಯೋ ಸೇರಿಸಿಕೊಳ್ಳಿ.

600 ಎಂ.ಎಂ.ನಲ್ಲಿ ಸಣ್ಣ ಜಾರುವಿಕೆಯೂ ಎಷ್ಟು ದುಬಾರಿ ಗೊತ್ತಾ? ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 50 ಮೀಟರ್ ದೂರದಲ್ಲಿ ನಿಮ್ಮ ಚೌಕಟ್ಟಿನ ಅಗಲ ಬರೀ ಮೂರು ಮೀಟರ್. ನಾಬ್ ಬಿಗಿ ಮಾಡಿ ಕೈ ಬಿಟ್ಟಾಗ ಲೆನ್ಸಿನ ಮೂತಿ ಒಂದೇ ಒಂದು ಮಿಲಿಮೀಟರ್ ಬಗ್ಗಿತು ಅಂತಿಟ್ಟುಕೊಳ್ಳಿ. ತಿರುಗುವ ಜಾಗದಿಂದ ಮೂತಿಗೆ 30 ಸೆಂ.ಮೀ. ಇದ್ದರೆ, ಅಲ್ಲಿ 50 ಮೀಟರ್ ಆಚೆ ನಿಮ್ಮ ಗುರಿ ಹದಿನಾರು ಹದಿನೇಳು ಸೆಂಟಿಮೀಟರ್ ಕೆಳಗೆ ಹೋಗಿರುತ್ತದೆ. ಅಂದರೆ ಒಂದು ಮಿಂಚುಳ್ಳಿಯ ಉದ್ದ. ಕಣ್ಣಿಗೆ ಫೋಕಸ್ ಮಾಡಿ ಕೈ ಬಿಟ್ಟಿರಿ, ಈಗ ಫೋಕಸ್ ಪಾಯಿಂಟ್ ಅದು ಕೂತ ಕೊಂಬೆಯ ಮೇಲಿದೆ.

ಈಗ ಬಾಲ್ ಹೆಡ್, ಅಂದರೆ ಒಂದು ಗುಂಡಿನ ಮೇಲೆ ಎಲ್ಲ ದಿಕ್ಕಿಗೂ ತಿರುಗುವ ಹೆಡ್. ನಮ್ಮಲ್ಲಿ ಬಹಳ ಜನರ ಹತ್ತಿರ ಇರುವುದು ಇದೇ. ಸಣ್ಣದು, ಹಗುರ, ಲ್ಯಾಂಡ್‌ಸ್ಕೇಪಿಗೆ ಬಹಳ ಒಳ್ಳೆಯದು. ಆದರೆ ದೊಡ್ಡ ಲೆನ್ಸ್ ಹಾಕಿದರೆ ಅಂಗೈ ಮೇಲೆ ಕೋಲು ನಿಲ್ಲಿಸಿದ ಹಾಗೆ. ಭಾರವೆಲ್ಲ ಗುಂಡಿನ ಮೇಲ್ಗಡೆ ಇರುತ್ತದೆ. ಕೊಂಚ ವಾಲಿದರೂ ಇನ್ನೂ ವಾಲಬೇಕು ಅನ್ನುತ್ತದೆ.

ಕೊಕ್ಕರೆ ಬೆಳ್ಳೂರಿಗೆ ಹೋದವರಿಗೆ ಇದು ಚೆನ್ನಾಗಿ ಗೊತ್ತು. ಮದ್ದೂರು ತಾಲ್ಲೂಕಿನ ಆ ಊರಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ಪಕ್ಕದ ಹುಣಸೆ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಬೀದಿಯಲ್ಲೇ ಟ್ರೈಪಾಡ್ ಬಿಡಿಸಿ ನಿಲ್ಲಬಹುದು. ಆದರೆ ಲೆನ್ಸನ್ನು ಆಕಾಶದ ಕಡೆ ಎತ್ತಲೇಬೇಕು. ಲೆಕ್ಕ ನೋಡಿ. ಮೂರು ಕೆ.ಜಿ. ಭಾರ, ಗುಂಡಿನ ನಡುವಿನಿಂದ 12 ಸೆಂ.ಮೀ. ಮೇಲೆ ಕೂತಿದೆ. ಲೆನ್ಸ್ ಮಟ್ಟವಾಗಿದ್ದು, ಮುಂದೆ ಹಿಂದೆ ಸಮತೂಕ ಸರಿಯಿದ್ದರೆ ತೊಂದರೆ ಇಲ್ಲ. 20 ಡಿಗ್ರಿ ಎತ್ತಿದಿರಿ, ಭಾರ ನಾಲ್ಕು ಸೆಂ.ಮೀ. ಹಿಂದಕ್ಕೆ ಸರಿಯಿತು. 45 ಡಿಗ್ರಿಗೆ ಎಂಟೂವರೆ ಸೆಂ.ಮೀ. ಭಾರ ಅದೇ ಮೂರು ಕೆ.ಜಿ., ಆದರೆ ಗುಂಡನ್ನು ತಿರುಚುವ ಬಲ ಎರಡು ಪಟ್ಟು ದಾಟಿತು. ಅಷ್ಟು ಹೊತ್ತಿಗೆ ಮರದಿಂದ ಹೆಜ್ಜಾರ್ಲೆ ಹಾರಿತು. ಅದನ್ನು ಹಿಂಬಾಲಿಸಬೇಕು ಅಂದರೆ ನಾಬ್ ಸಡಿಲ ಮಾಡಲೇಬೇಕು. ಸಡಿಲ ಮಾಡಿದ ಗಳಿಗೆಯಲ್ಲಿ ಇಡೀ ಲೆನ್ಸು ಧಡ್ ಅಂತ ಪಕ್ಕಕ್ಕೆ ಬೀಳುತ್ತದೆ. ಬೆರಳು ಸಿಕ್ಕಿಕೊಂಡರೆ ಜಜ್ಜಿ ಹೋಗುತ್ತದೆ. ಟ್ರೈಪಾಡ್ ಹಗುರವಾಗಿದ್ದರೆ ಅದೂ ಜೊತೆಗೇ ಮಗುಚುತ್ತದೆ.

ಒಳ್ಳೆಯ, ದೊಡ್ಡ ಗುಂಡಿನ ಬಾಲ್ ಹೆಡ್ ಇದ್ದರೆ ಎರಡು ಕೆ.ಜಿ. ಲೆನ್ಸನ್ನು ಕೂತ ಹಕ್ಕಿಗೆ ಬಳಸಬಹುದು. ಬೇಡ ಅನ್ನಲ್ಲ. ಹಾರುವ ಹಕ್ಕಿಗೆ ಮಾತ್ರ ಅದನ್ನು ನಂಬಬೇಡಿ.

ಗಿಂಬಲ್ ಹೆಡ್ ಈ ತಾಪತ್ರಯವನ್ನು ಬೇರೆ ದಾರಿಯಲ್ಲಿ ಬಗೆಹರಿಸುತ್ತದೆ. ಅದು ಭಾರವನ್ನು ಬಿಗಿಯಾಗಿ ಹಿಡಿಯಲು ಹೋಗುವುದೇ ಇಲ್ಲ. ಲೆನ್ಸು ಕ್ಯಾಮೆರಾ ಎರಡರ ತೂಕದ ನಡು ಎಲ್ಲಿದೆಯೋ ಅಲ್ಲೇ ತಿರುಗುವ ಅಚ್ಚು ಬರುವ ಹಾಗೆ ಕೂರಿಸುತ್ತದೆ. ಆಮೇಲೆ ಮೇಲೆತ್ತಿ, ಕೆಳಗಿಳಿಸಿ, ಬಿಟ್ಟಲ್ಲಿ ನಿಲ್ಲುತ್ತದೆ. ನಾಬ್ ಬಿಗಿ ಮಾಡದೆಯೇ! ಅಮೆರಿಕದ ವಿಂಬರ್ಲಿಯವರ ಹೆಡ್ ಇದರಲ್ಲಿ ಹೆಸರುವಾಸಿ. ಅದರ ಬೆಲೆ ಸುಮಾರು 600 ಡಾಲರ್. ಸಾಗಾಟ, ಸುಂಕ ಎಲ್ಲ ಸೇರಿ ನಮ್ಮ ಕೈಗೆ ಬರುವಷ್ಟರಲ್ಲಿ ಇನ್ನೊಂದು ಲೆನ್ಸಿನ ಬೆಲೆ ಆಗಿರುತ್ತದೆ. ಆದರೆ ಇದರ ತತ್ವಕ್ಕೆ ದುಬಾರಿ ತಂತ್ರಜ್ಞಾನ ಏನೂ ಬೇಕಿಲ್ಲ. ಎಲ್-ಆಕಾರದ ಎರಡು ತುಂಡು, ಎರಡು ಬೇರಿಂಗು, ಲೆನ್ಸನ್ನು ಕಚ್ಚಿ ಹಿಡಿಯುವ ಒಂದು ಕ್ಲಾಂಪು, ಮೂರ್ನಾಲ್ಕು ನಾಬು. ಅದಕ್ಕೇ ಅಗ್ಗದ ಹೆಡ್ ಕೊಳ್ಳುವವರಿಗೆ ಗಿಂಬಲ್ ವರ. ಅಗ್ಗದ ಬಾಲ್ ಹೆಡ್ಡಿನಲ್ಲಿ ಎಲ್ಲವೂ ಗುಂಡಿನ ಹಿಡಿತದ ಮೇಲೆ ನಿಂತಿರುತ್ತದೆ, ಅಲ್ಲಿ ಕಳಪೆ ಕೆಲಸ ಮುಚ್ಚಿಡಲು ಆಗಲ್ಲ. ಅಗ್ಗದ ಗಿಂಬಲ್ಲಿನಲ್ಲಿ ಅರ್ಧ ಕೆಲಸ ಸಮತೂಕವೇ ಮಾಡುತ್ತದೆ.

ಚೀನಾದ ಗಿಂಬಲ್‌ಗಳು ವಿಂಬರ್ಲಿಯ ಆರನೇ ಒಂದು ಪಾಲಿನ ಬೆಲೆಯಿಂದಲೇ ಶುರುವಾಗುತ್ತವೆ. ನಡುವಿನ ದರ್ಜೆಯಲ್ಲಿ ಬೆನ್ರೋ ಜಿಎಚ್2 ಥರದವು ಇವೆ. ಇವೆಲ್ಲ ಅಷ್ಟು ಸುಲಭಕ್ಕೆ ಸಿಗದಿದ್ದ ಕಾಲದಲ್ಲಿ ಮ್ಯಾನ್‌ಫ್ರಾಟೋ 393 ಅನ್ನುವ ಯು-ಆಕಾರದ ಬ್ರಾಕೆಟ್ ಬಡವರ ಗಿಂಬಲ್ ಆಗಿತ್ತು. ಹಳೆಯದು ಕಡಿಮೆ ಬೆಲೆಗೆ ಸಿಕ್ಕರೆ ಈಗಲೂ ಕೆಲಸಕ್ಕೆ ಬರುತ್ತದೆ. ನೆಟ್ಟಿನಲ್ಲಿ ಹುಡುಕುವಾಗ ಬರೀ ‘ಗಿಂಬಲ್’ ಅಂತ ಹಾಕಬೇಡಿ, ಮೊಬೈಲ್ ಹಿಡಿಯುವ ಮೋಟಾರಿನ ಕೋಲುಗಳೇ ಬರುತ್ತವೆ.

ಸಮತೂಕ ಮಾಡುವುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹೆಡ್ ಚೆನ್ನಾಗಿಲ್ಲ ಅಂತ ದೂರುವವರಲ್ಲಿ ಬಹಳ ಮಂದಿ ಇದನ್ನು ಮಾಡಿರುವುದೇ ಇಲ್ಲ.

ಮೊದಲು ಕ್ಯಾಮೆರಾ, ಬ್ಯಾಟರಿ, ಹುಡ್ ಎಲ್ಲ ಹಾಕಿ. ಫೋಟೋ ತೆಗೆಯುವಾಗ ಹೇಗಿರುತ್ತೋ ಹಾಗೇ ಇರಬೇಕು. ಲೆನ್ಸ್ ಮುಚ್ಚಳ ತೆಗೆಯಿರಿ. ಕ್ಲಾಂಪಿಗೆ ಕೂರಿಸಿ, ಒಂದು ಕೈ ಲೆನ್ಸಿನ ಮೇಲಿಟ್ಟುಕೊಂಡೇ ಟಿಲ್ಟ್ ನಾಬ್ (ಮೇಲೆ ಕೆಳಗೆ ಬಗ್ಗುವುದನ್ನು ಬಿಗಿ ಮಾಡುವುದು) ಪೂರ್ತಿ ಸಡಿಲ ಮಾಡಿ. ಮೂತಿ ಕೆಳಗೆ ಹೋದರೆ ಲೆನ್ಸನ್ನು ಹಿಂದಕ್ಕೆ ಸರಿಸಿ, ಬಾಲ ಕೆಳಗೆ ಹೋದರೆ ಮುಂದಕ್ಕೆ. ಮಟ್ಟವಾಗಿ ನಿಲ್ಲುವ ಜಾಗ ಸಿಕ್ಕಾಗ ಪ್ಲೇಟಿನ (ಲೆನ್ಸಿನ ಫುಟ್ ಅಡಿಗೆ ಹಾಕುವ, ಕ್ಲಾಂಪಿನಲ್ಲಿ ಕೂರುವ ಪಟ್ಟಿ) ಮೇಲೆ ಪೆನ್ನಿನಿಂದ ಗೀಟು ಹಾಕಿಕೊಳ್ಳಿ. ಇಲ್ಲಿಗೆ ಬಹಳ ಜನ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಬೇಡಿ. ಈಗ ಮೂತಿಯನ್ನು 45 ಡಿಗ್ರಿ ಮೇಲೆತ್ತಿ ಮೆಲ್ಲಗೆ ಕೈ ಸಡಿಲಿಸಿ. ಅಲ್ಲೇ ನಿಂತರೆ ಸರಿ. ಮತ್ತೂ ಹಿಂದಕ್ಕೆ ಬಿದ್ದರೆ ಲೆನ್ಸ್ ಅಚ್ಚಿಗಿಂತ ಮೇಲೆ ಕೂತಿದೆ, ಕ್ಲಾಂಪ್ ಇರುವ ತೊಟ್ಟಿಲನ್ನು ಕೆಳಗಿಳಿಸಿ. ತಾನಾಗಿ ಮಟ್ಟಕ್ಕೆ ವಾಪಸ್ ಬರುತ್ತಿದ್ದರೆ ಲೆನ್ಸ್ ಕೆಳಗಿದೆ, ಮೇಲಕ್ಕೆತ್ತಿ. ಈ ಎತ್ತರ ಹೊಂದಿಸುವ ಸೌಲಭ್ಯ ಇಲ್ಲದ ಗಿಂಬಲ್‌ಗಳೂ ಮಾರುಕಟ್ಟೆಯಲ್ಲಿವೆ. ಎಷ್ಟೇ ಅಗ್ಗವಾದರೂ ಅವನ್ನು ಬಿಟ್ಟುಬಿಡಿ.

ಟ್ಯಾಮ್ರಾನ್, ಸಿಗ್ಮಾ 150-600, ನಿಕಾನ್ 200-500 ಇರುವವರಿಗೆ ಇನ್ನೊಂದು ಮಾತು. ಜೂಮ್ ಮಾಡಿದಾಗ ಇವುಗಳ ಮೂತಿ ಹೊರಗೆ ಬರುತ್ತದೆ, ತೂಕ ಮುಂದಕ್ಕೆ ಹೋಗುತ್ತದೆ. 150ರಲ್ಲಿ ಮಾಡಿದ ಸಮತೂಕ 600ಕ್ಕೆ ಕೆಡುತ್ತದೆ. ನೀವು ಬಹುಪಾಲು ಬಳಸುವುದು ಉದ್ದದ ಕೊನೆಯಲ್ಲೇ ತಾನೇ? ಅಲ್ಲೇ ಸಮತೂಕ ಮಾಡಿ. ಸೋನಿ 200-600, ನಿಕಾನ್ 180-600 ಒಳಗೊಳಗೇ ಜೂಮ್ ಆಗುತ್ತವೆ, ಈ ಕಾಟ ಹೆಚ್ಚುಕಡಿಮೆ ಇಲ್ಲ.

ಗಿಂಬಲ್ ತಗೊಂಡ ಮೇಲೆ ಬರುವ ಮೊದಲ ಆಶ್ಚರ್ಯ ಪ್ಲೇಟಿನದ್ದು. ಈ ಹೆಡ್‌ಗಳ ಕ್ಲಾಂಪ್ ಬಹುತೇಕ ಆರ್ಕಾ-ಸ್ವಿಸ್ ಅನ್ನುವ ಕಂಪನಿ ರೂಢಿಗೆ ತಂದ ಮಾದರಿಯದು. ಟ್ಯಾಮ್ರಾನ್ ಜಿ2 ಲೆನ್ಸಿನ ಫುಟ್ ಅದಕ್ಕೆ ನೇರವಾಗಿ ಕೂರುತ್ತದೆ. ನಿಕಾನ್, ಸೋನಿಯವರದ್ದು ಕೂರುವುದಿಲ್ಲ, ಪ್ಲೇಟ್ ಬೇಕು. ಬಾಲ್ ಹೆಡ್ ಜೊತೆ ಬರುವ ಚೌಕದ ಪುಟ್ಟ ಪ್ಲೇಟ್ ಸಾಲದು, ಹಿಂದೆ ಮುಂದೆ ಸರಿಸಲು ಜಾಗವೇ ಇರುವುದಿಲ್ಲ. 12 ರಿಂದ 15 ಸೆಂ.ಮೀ. ಉದ್ದದ್ದು ತಗೊಳ್ಳಿ. ಫುಟ್‌ನಲ್ಲಿ ಎರಡು ತೂತು ಇದ್ದರೆ ಎರಡಕ್ಕೂ ತಿರುಪು ಹಾಕಿ. ಒಂದೇ ಹಾಕಿದರೆ ಲೆನ್ಸ್ ಮೆಲ್ಲಗೆ ತಿರುಗಿ ತಿರುಪು ಸಡಿಲವಾಗುತ್ತದೆ. ಪ್ಲೇಟಿನ ಎರಡೂ ತುದಿಗೆ ಬರುವ ಪುಟ್ಟ ತಡೆತಿರುಪುಗಳನ್ನು ಡಬ್ಬಿಯಲ್ಲೇ ಬಿಟ್ಟು ಮರೆಯಬೇಡಿ. ಕ್ಲಾಂಪ್ ಸಡಿಲವಾದಾಗ ಲೆನ್ಸ್ ಜಾರಿ ನೆಲಕ್ಕೆ ಬೀಳದಂತೆ ತಡೆಯುವುದು ಅವೇ.

ಇನ್ನು ಅಗ್ಗದ ಗಿಂಬಲ್ಲನ್ನು ಅಂಗಡಿಯಲ್ಲಿ ಪರೀಕ್ಷೆ ಮಾಡುವುದು. ನಿಮ್ಮದೇ ಲೆನ್ಸ್, ಕ್ಯಾಮೆರಾ ತಗೊಂಡು ಹೋಗಿ. ಖಾಲಿ ಹೆಡ್ ತಿರುಗಿಸಿ ನೋಡಿದರೆ ಎಲ್ಲವೂ ಬೆಣ್ಣೆಯೇ. ಭಾರ ಹಾಕಿ, ಸಮತೂಕ ಮಾಡಿ, ಒಂದೇ ಬೆರಳಿನಿಂದ ಬಹಳ ನಿಧಾನ ಪ್ಯಾನ್ ಮಾಡಿ, ಅಂದರೆ ಅಡ್ಡಕ್ಕೆ ತಿರುಗಿಸಿ. ಅಗ್ಗದವುಗಳ ದೊಡ್ಡ ರೋಗ ಇಲ್ಲೇ ಗೊತ್ತಾಗುವುದು: ಮೊದಲು ಕಚ್ಚಿಕೊಳ್ಳುತ್ತದೆ, ಆಮೇಲೆ ಜರ್ಕ್ ಹೊಡೆದು ಹೊರಡುತ್ತದೆ. ಹಾರುವ ಹಕ್ಕಿಯನ್ನು ಹಿಡಿಯುವಾಗ ಆ ಜರ್ಕೇ ಫೋಟೋ ಹಾಳು ಮಾಡುವುದು. ನಂತರ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಲೈವ್ ವ್ಯೂ ಹಾಕಿ ದೂರದ ಒಂದು ಬೋರ್ಡಿನ ಅಕ್ಷರವನ್ನು ಪೂರ್ತಿ ದೊಡ್ಡದು ಮಾಡಿ. ನಾಬ್ ಬಿಗಿ ಮಾಡುವಾಗ ಅಕ್ಷರ ಎಷ್ಟು ಜಾರುತ್ತದೆ ನೋಡಿ. ಲೆನ್ಸಿನ ಮೂತಿಯನ್ನು ಬೆರಳಲ್ಲಿ ಒಮ್ಮೆ ತಟ್ಟಿ. ಅಕ್ಷರ ಬೇಗ ನಿಂತರೆ ಒಳ್ಳೆಯದು, ನಡುಗುತ್ತಲೇ ಇದ್ದರೆ ಎಲ್ಲೋ ಸಡಿಲ ಇದೆ. ಅದು ಹೆಡ್ಡಿನಲ್ಲೇ ಇರಬೇಕು ಅಂತೇನಿಲ್ಲ. ಲೆನ್ಸ್ ಕಾಲರ್, ಟ್ರೈಪಾಡ್ ಕಾಲು, ಎತ್ತಿದ ನಡುಕಂಬ, ಯಾವುದೂ ಇರಬಹುದು. ನಡುಕಂಬ ಎತ್ತಿ ದೊಡ್ಡ ಲೆನ್ಸ್ ಹಾಕುವುದನ್ನಂತೂ ದಯವಿಟ್ಟು ಬಿಡಿ. ಅಂಗಡಿಯವರು ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ. ಆನ್‌ಲೈನಲ್ಲಿ ತರಿಸುವುದಾದರೆ ವಾಪಸ್ ಮಾಡಲು ಅವಕಾಶ ಇರುವ ಕಡೆಯೇ ತರಿಸಿ, ಬಂದ ದಿನವೇ ಇದೇ ಪರೀಕ್ಷೆ ಮಾಡಿ.

ಲೆನ್ಸನ್ನು ಪಕ್ಕದಿಂದ ಕಚ್ಚಿಸುವ ಗಿಂಬಲ್‌ಗಳೂ ಇವೆ. ಹಗುರ, ಬೆಲೆಯೂ ಕಡಿಮೆ ಇರಬಹುದು. ಆದರೆ ಮೂರು ಕೆ.ಜಿ.ಯನ್ನು ಒಂದು ಕೈಯಲ್ಲಿ ಗಾಳಿಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನಾಬ್ ತಿರುಗಿಸಬೇಕು. ಬೆಳಗಿನ ಜಾವ ಕತ್ತಲಲ್ಲಿ, ಕೆರೆ ಏರಿಯ ಮೇಲೆ, ಒಬ್ಬರೇ ಇದ್ದಾಗ ಅದು ನನಗೆ ಸರಿಬರುವುದಿಲ್ಲ. ಮೇಲಿಂದ ಕೂರಿಸುವ ತೊಟ್ಟಿಲಿನದ್ದೇ ವಾಸಿ.

ವಿಡಿಯೋ ಮಾಡುವವರಿಗೆ ಫ್ಲೂಯಿಡ್ ಹೆಡ್, ಅಂದರೆ ಒಳಗಿನ ಮಂದ ದ್ರವದಿಂದ ಚಲನೆಯನ್ನು ನಿಧಾನಿಸುವ ಹೆಡ್, ಚೆನ್ನ. ಪ್ಯಾನ್ ನಯವಾಗಿರುತ್ತದೆ. ಆದರೆ ಅದರೊಳಗಿನ ಸ್ಪ್ರಿಂಗ್ ಎಷ್ಟು ತೂಕಕ್ಕೆ ಹೊಂದಿಸಿದ್ದು ನೋಡಿಕೊಳ್ಳಿ. ಮ್ಯಾನ್‌ಫ್ರಾಟೋದ 500 ಹೆಡ್ ಹೊರುವ ಭಾರ ಐದು ಕೆ.ಜಿ. ಅಂತಾರೆ, ಸ್ಪ್ರಿಂಗ್ ಸರಿದೂಗಿಸುವುದು 2.4 ಕೆ.ಜಿ.ಗೆ. ನೋಡಿ, ಮತ್ತೆ ಅದೇ ಡಬ್ಬಿಯ ಅಂಕಿಯ ಕಥೆ. ಮೂರು ಹಿಡಿಕೆಯ ಪ್ಯಾನ್-ಟಿಲ್ಟ್ ಹೆಡ್ ಸ್ಟುಡಿಯೋಗೆ ಇರಲಿ.

ಗಿಂಬಲ್ಲಿಗೂ ಮಿತಿ ಇದೆ. ಒಂದೂವರೆ ಕೆ.ಜಿ. ಹತ್ತಿರ ತೂಗುತ್ತದೆ, ಬ್ಯಾಗಿನಲ್ಲಿ ಎಲ್ಲೂ ಸರಿಯಾಗಿ ಕೂರುವುದಿಲ್ಲ. ಕಾಲರ್ ಇಲ್ಲದ ಲೆನ್ಸಿಗೆ ಉಪಯೋಗವಿಲ್ಲ.

ಕೊನೆಗೆ ಹೆಡ್ ಮಾರುವವರಿಗೆ ಇಷ್ಟವಾಗದ ಮಾತು. ನಿಮ್ಮ ಫೋಟೋಗ್ರಫಿ ಹೆಚ್ಚಾಗಿ ಕಬಿನಿ, ಬಂಡೀಪುರದ ಸಫಾರಿ ಜೀಪಿನಲ್ಲೇ ಆಗುವುದಾದರೆ ಯಾವ ಹೆಡ್ಡೂ ಕೊಳ್ಳಬೇಡಿ. ಅಲ್ಲಿ ಟ್ರೈಪಾಡ್ ಬಿಡಿಸಲು ಜಾಗವೇ ಇಲ್ಲ. ದಪ್ಪ ಬಟ್ಟೆಯ ಒಂದು ಬೀನ್ ಬ್ಯಾಗ್ ಹೊಲಿಸಿಕೊಳ್ಳಿ. ಖಾಲಿ ಚೀಲ ತಗೊಂಡು ಹೋಗಿ, ಅಲ್ಲೇ ಅಂಗಡಿಯಲ್ಲಿ ನಾಲ್ಕೈದು ಕೆ.ಜಿ. ಅಕ್ಕಿ ತುಂಬಿಸಿ, ಬರುವಾಗ ಅಡುಗೆಮನೆಗೆ ಸುರಿಯಿರಿ. ನಡೆದಾಡಿಕೊಂಡು ಹಕ್ಕಿ ನೋಡುವವರಿಗೆ ಒಂಟಿ ಕಾಲಿನ ಮಾನೊಪಾಡ್, ಅದರ ಮೇಲೆ ಒಂದೇ ದಿಕ್ಕಿಗೆ ಬಗ್ಗುವ ಟಿಲ್ಟ್ ಹೆಡ್ ಸಾಕು. ಗಿಂಬಲ್ ಬೇಕಾಗುವುದು ಒಂದೇ ಕಡೆ ಗಂಟೆಗಟ್ಟಲೆ ಕಾಯುವವರಿಗೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯಲ್ಲಿ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಏಳುವುದನ್ನು ಕಾಯುವಾಗ, ಎರಡು ಗಂಟೆ ಹೊತ್ತು ಮೂರು ಕೆ.ಜಿ. ಕೈಯಲ್ಲಿ ಹಿಡಿಯಲು ಆಗಲ್ಲ. ಹಿಂಡು ಎದ್ದಾಗ ನಾಬ್ ಹುಡುಕಲು ಪುರುಸೊತ್ತೂ ಇರಲ್ಲ.

ಈ ಮೇಜಿನ ಮೇಲೆ ಒಂದು ಬಾಲ್ ಹೆಡ್, ಎರಡು ಗಿಂಬಲ್, ಒಂದು ಮಾನೊಪಾಡ್ ಟಿಲ್ಟ್ ಹೆಡ್ ಇಟ್ಟಿದ್ದೇನೆ. ಲೆನ್ಸ್ ತಂದವರು ಒಬ್ಬೊಬ್ಬರಾಗಿ ಬನ್ನಿ, ಹಾಕಿ ನೋಡೋಣ. ಉದ್ದದ ಪ್ಲೇಟು, ಅಲೆನ್ ಕೀ ಆ ನೀಲಿ ಡಬ್ಬಿಯಲ್ಲಿವೆ. ಬಾಲ್ ಹೆಡ್ಡಿಗೆ ಲೆನ್ಸ್ ಹಾಕುವವರು ಕೈ ಬಿಡುವ ಮುಂಚೆ ನನ್ನನ್ನು ಕರೆಯಿರಿ.