ಮಸಾಯಿ ಹುಡುಗಿಯರ ಛೇದನ: ಕಾನೂನಿಗೆ ಆಗದ್ದು ಊರಿನಿಂದ ಆಗುತ್ತಿರುವುದು ಹೇಗೆ?

[ದೃಶ್ಯ: ಕೀನ್ಯಾ ನಕ್ಷೆ. ದಕ್ಷಿಣದ ಕಾಜಿಯಾಡೊ, ನಾರೋಕ್ ಕೌಂಟಿಗಳು ಕೆಂಪಾಗುತ್ತವೆ]

ನಮಸ್ಕಾರ. ಹೆಣ್ಣುಮಕ್ಕಳ ಜನನಾಂಗ ಛೇದನಕ್ಕೆ ಕೀನ್ಯಾದ 2011ರ ಕಾಯ್ದೆಯಲ್ಲಿ ಕನಿಷ್ಠ 3 ವರ್ಷ ಜೈಲು, ಅಥವಾ ಕನಿಷ್ಠ 2 ಲಕ್ಷ ಶಿಲಿಂಗ್ ದಂಡ, ಅಥವಾ ಎರಡೂ. ಹುಡುಗಿ ಸತ್ತರೆ ಜೀವಾವಧಿವರೆಗೂ ಹೋಗಬಹುದು. "ಅವಳೇ ಒಪ್ಪಿದ್ದಳು" ಅನ್ನೋ ವಾದ ನಡೆಯಲ್ಲ. ಛೇದನ ಆಗದ ಹೆಣ್ಣನ್ನು ಹೀಯಾಳಿಸಿದರೂ ಶಿಕ್ಷೆ ಇದೆ. ಆದರೂ 2014ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದನ ಸಾಕಿ ಬದುಕುವ ಮಸಾಯಿ ಜನಾಂಗದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 78 ಮಂದಿಗೆ ಇದಾಗಿತ್ತು. ಆಗ ದೇಶದ ಸರಾಸರಿ 21. ಬಹುತೇಕರಿಗೆ ಆಗಿದ್ದು ಕಾಯ್ದೆಗೂ ಮೊದಲು, ನಿಜ. ಕಾಯ್ದೆ ಬಂದಮೇಲೆ ಆದದ್ದೇನು? ಹಬ್ಬದಂತೆ ಹಗಲಲ್ಲಿ ನಡೆಯುತ್ತಿದ್ದದ್ದು ಗುಟ್ಟಾಗಿ ರಾತ್ರಿ ನಡೆಯತೊಡಗಿತು. ಇನ್ನೂ ಚಿಕ್ಕ ಮಕ್ಕಳಿಗೆ ಮಾಡಿದರು, ಗಡಿ ದಾಟಿಸಿ ಟಾಂಜಾನಿಯಾಕ್ಕೆ ಕರೆದೊಯ್ದರು, ಕೆಲವು ಕಡೆ ದುಡ್ಡು ಕೊಟ್ಟು ನರ್ಸ್ ಕೈಯಲ್ಲೇ ಮಾಡಿಸಿದರು.

ಯಾಕಿಷ್ಟು ಹಠ? ಹುಡುಗಿ ಹೆಂಗಸಾದಳು ಅಂತ ಊರಿಗೆ ಸಾರುವ ವಿಧಿ ಇದು. ಇದಾದರೆ ಮದುವೆ, ಮದುವೆಯಾದರೆ ತಂದೆಗೆ ದನ. ಹಾಗಾಗಿ ಬರೀ ತಾಯಂದಿರಿಗೆ ಬುದ್ಧಿ ಹೇಳಿ ಬರುವ ಕಾರ್ಯಕ್ರಮಗಳು ದಂಡ. ಬೀಗದ ಕೈ ಇರೋದು ಗಂಡಸರ ಹತ್ತಿರ.

[ದೃಶ್ಯ: ಕೈಯಲ್ಲಿ ಕಪ್ಪು ಕೋಲು]

ಕಾಜಿಯಾಡೊದ ನೈಸ್ ನೈಲಾಂಟೈ ಲೆಂಗೆಟೆ ಹಿಡಿದದ್ದು ಈ ದಾರಿ. ಎಂಟರ ವಯಸ್ಸಲ್ಲಿ ಛೇದನದಿಂದ ತಪ್ಪಿಸಿಕೊಂಡ ಹುಡುಗಿ. ದೊಡ್ಡವಳಾಗಿ ಮಾತಾಡಲು ಹೋದಾಗ ಹಿರಿಯರು ಬಿಡಲಿಲ್ಲ, ಬೇಕಾದರೆ ಯುವಕರ ಜೊತೆ ಮಾತಾಡು ಅಂದರು. ಅವರು ಅಲ್ಲಿಂದಲೇ ಶುರು ಮಾಡಿದರು. ವರ್ಷಗಟ್ಟಲೆ ಹಿಡಿಯಿತು. ಕೊನೆಗೆ ಹಿರಿಯರ ಅಧಿಕಾರದ ಗುರುತಾದ ಆ ಕಪ್ಪು ಕೋಲನ್ನು ನೈಸ್ ಕೈಗೇ ಕೊಟ್ಟರು.

ಆಮ್ರೆಫ್ ಅನ್ನೋ ಆರೋಗ್ಯ ಸಂಸ್ಥೆಯ ಜೊತೆ, ಛೇದನದ ಬದಲಿಗೆ ನಡೆಯುವ ವಿಧಿಯ ಕ್ರಮ ಹೀಗಿದೆ. ಮೊದಲು ಹಿರಿಯರು. ಅವರು ಒಪ್ಪಿದ ಮೇಲೆ ಮೊರಾನ್‌ಗಳು, ಅಂದರೆ ಯುವ ಯೋಧರು. ಆಮೇಲೆ ತಾಯಂದಿರು, ಕತ್ತರಿಸುವ ಅಜ್ಜಿಯರು. ಹುಡುಗಿಯರದು ಕೊನೆ. ಕೆಲವು ದಿನ ಶಿಬಿರ: ಮುಟ್ಟು, ಗರ್ಭ, ಬಾಲ್ಯವಿವಾಹ, ಅಪಾಯ ಬಂದರೆ ಯಾರ ಹತ್ತಿರ ಓಡಬೇಕು, ಎಲ್ಲ ಹೇಳಿಕೊಡುತ್ತಾರೆ. ರಾತ್ರಿ ಮೇಣದಬತ್ತಿ ಹಿಡಿದು ಮೆರವಣಿಗೆ. ಮರುದಿನ ಮಣಿಸರ ತೊಟ್ಟ ಹುಡುಗಿಯರಿಗೆ ಹಿರಿಯರು ಎಲ್ಲರ ಎದುರು ಹರಸಿ, ಇವರು ಇನ್ನು ಹೆಂಗಸರು, ಇವರಿಗೆ ಛೇದನ ಬೇಡ ಅಂತ ಘೋಷಿಸುತ್ತಾರೆ. ಹಾಡು, ಕುಣಿತ, ಊಟ ಎಲ್ಲ ಇದೆ. ಬ್ಲೇಡ್ ಒಂದಿಲ್ಲ.

ಕ್ರಮ ತಪ್ಪಿದರೆ ಕೆಲಸ ಕೆಟ್ಟಿತು. ಹಿರಿಯರು ಒಪ್ಪದೆ ಸಮಾರಂಭ ಮಾಡಿದರೆ ಹುಡುಗಿ ಸರ್ಟಿಫಿಕೇಟ್ ಹಿಡಿದು ಮನೆಗೆ ಹೋಗುತ್ತಾಳೆ, ಮುಂದಿನ ರಜೆಯಲ್ಲಿ ಕತ್ತರಿಸುತ್ತಾರೆ. ಅಜ್ಜಿಗೆ ಬೇರೆ ಸಂಪಾದನೆ ಇಲ್ಲದಿದ್ದರೆ ಆಕೆ ಬ್ಲೇಡಿಗೇ ಮರಳುತ್ತಾಳೆ.

ಮದುವೆಯಾಗುವ ಗಂಡೇ "ಛೇದನ ಆದವಳೇ ಬೇಕು" ಅನ್ನೋದನ್ನು ಬಿಡಬೇಕು. ಕೀನ್ಯಾದ ಲೈಕಿಪಿಯಾ ಕೌಂಟಿಯಲ್ಲಿ ಇದಕ್ಕೊಂದು ಕ್ರಿಕೆಟ್ ತಂಡವೇ ಇದೆ, ಮಸಾಯಿ ಕ್ರಿಕೆಟ್ ವಾರಿಯರ್ಸ್. ಶುಕಾ ಅನ್ನೋ ಕೆಂಪು ಹೊದಿಕೆ, ಮಣಿಸರ ತೊಟ್ಟೇ ಬೌಲಿಂಗ್ ಮಾಡುತ್ತಾರೆ, 2013ರಲ್ಲಿ ಲಂಡನ್‌ಗೂ ಹೋಗಿ ಆಡಿದರು. ಆಟದ ನೆಪದಲ್ಲಿ ಹುಡುಗರನ್ನು ಸೇರಿಸಿ ಈ ವಿಷಯ ಎತ್ತುತ್ತಾರೆ.

[ದೃಶ್ಯ: ಮೇಜಿನ ಮೇಲೆ ದೇಹದ ಮಾದರಿ]

ಮಸಾಯಿ ಹೋರಾಟಗಾರ್ತಿ ಆಗ್ನೆಸ್ ಪಾರೆಯೊ ಹೆಣ್ಣಿನ ಅಂಗದ ಮಾದರಿ ಹಿಡಿದು ಊರೂರು ಸುತ್ತಿದವರು. ಸಹಜ ಅಂಗ ಹೇಗಿರುತ್ತದೆ, ಕತ್ತರಿಸಿದ್ದು ಹೇಗಿರುತ್ತದೆ ಅಂತ ತೋರಿಸುತ್ತಿದ್ದರು. ಗಾಯ ಮಾಗಿದ ಜಾಗದ ಚರ್ಮ ಹಿಗ್ಗುವುದಿಲ್ಲ, ಹೆರಿಗೆಯಲ್ಲಿ ಹರಿದು ರಕ್ತ ಹೋಗುತ್ತದೆ. ಗಂಡಸರಿಗೆ ಹೆಂಡತಿಯ ಕಷ್ಟದ ಹೆರಿಗೆ ಗೊತ್ತು, ಕಾರಣ ಗೊತ್ತಿರುವುದಿಲ್ಲ.

ನಾರೋಕ್‌ನಲ್ಲಿ 2002ರಲ್ಲಿ ಆಗ್ನೆಸ್ ತೆರೆದ ತಸಾರು ಎನ್ಟೊಮೊನೊಕ್ ಆಶ್ರಯಕ್ಕೆ ಓಡಿಬಂದ ಹುಡುಗಿಯರು ಅಲ್ಲೇ ಇದ್ದು ಶಾಲೆಗೆ ಹೋಗುತ್ತಾರೆ. ಒಳಗೆ ಸೇರಿಸಿಕೊಳ್ಳುವುದಕ್ಕಿಂತ ಕಷ್ಟದ್ದು ಮನೆಯವರ ಜೊತೆ ರಾಜಿ: ಛೇದನ ಇಲ್ಲ, ಮದುವೆ ಇಲ್ಲ ಅಂತ ತಂದೆಯಿಂದ ಮಾತು ತೆಗೆದುಕೊಂಡೇ ಕಳಿಸಬೇಕು. ಹೆಚ್ಚು ಎಚ್ಚರ ಬೇಕಾಗಿರೋದು ಏಪ್ರಿಲ್, ಆಗಸ್ಟ್, ಡಿಸೆಂಬರ್‌ನ ಶಾಲಾ ರಜೆಗಳಲ್ಲಿ. ಗಾಯ ಮಾಗಲು ಸಾಕಷ್ಟು ದಿನ ಸಿಗುವುದರಿಂದ ಡಿಸೆಂಬರ್ ಎಲ್ಲಕ್ಕಿಂತ ಅಪಾಯದ್ದು.