ಹ್ಯಾಮ್‌ಗಳ ಕೈಗೆ ಬಂದ ಸಿಮ್ ಕಾರ್ಡ್ ರೇಡಿಯೋ

ಕೇಳುಗರೇ, ನಮಸ್ಕಾರ.

ಪರವಾನಗಿ ಪಡೆದು ತಮ್ಮದೇ ರೇಡಿಯೋ ನಿಲಯದಿಂದ ಒಬ್ಬರೊಡನೊಬ್ಬರು ಮಾತನಾಡುವ ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು, ನಾಲ್ವರು ಸೇರಿದ ಕಡೆ ಈಗ ಒಂದು ವಾದ ಎದ್ದೇ ಏಳುತ್ತದೆ: ನೆಟ್‌ವರ್ಕ್ ರೇಡಿಯೋ ನಿಜವಾಗಿಯೂ ರೇಡಿಯೋ ಹೌದೇ?

ನೋಡಲು ಅದು ಪೊಲೀಸರ ಕೈಯಲ್ಲಿರುವ ವಾಕಿಟಾಕಿಯ ಹಾಗೆಯೇ ಇರುತ್ತದೆ. ಪಕ್ಕದಲ್ಲಿ ಮಾತನಾಡಲು ಒತ್ತುವ ಗುಂಡಿ, ಎದುರಿಗೆ ಗಟ್ಟಿ ದನಿಯ ಸ್ಪೀಕರ್. ಕಾರಿನಲ್ಲಿ ಕೂರಿಸುವ, ಸುರುಳಿ ತಂತಿಯ ಮೈಕ್ ಇರುವ ಮಾದರಿಗಳೂ ಇವೆ. ಒಳಗಿರುವುದು ಮಾತ್ರ ಬಹುಮಟ್ಟಿಗೆ ಒಂದು ಆಂಡ್ರಾಯ್ಡ್ ಫೋನ್. ಅದಕ್ಕೆ ಸಿಮ್ ಕಾರ್ಡ್ ಬೇಕು, ಇಲ್ಲವೇ ವೈಫೈ ಬೇಕು. ಗುಂಡಿ ಒತ್ತಿ ಆಡಿದ ಮಾತು ಡಿಜಿಟಲ್ ರೂಪ ಪಡೆದು, ಮೊಬೈಲ್ ಟವರಿನಿಂದ ಇಂಟರ್ನೆಟ್ಟಿಗೆ ಹೋಗಿ, ಎಲ್ಲೋ ಇರುವ ಸರ್ವರ್ ತಲುಪಿ, ಅದೇ ಚಾನೆಲ್‌ನಲ್ಲಿರುವ ಎಲ್ಲರಿಗೂ ಕೇಳಿಸುತ್ತದೆ. ಹ್ಯಾಮ್‌ಗಳಿಗೆಂದು ಮೀಸಲಾದ ತರಂಗಾಂತರವನ್ನು ಅದು ಮುಟ್ಟುವುದೇ ಇಲ್ಲ.

ಆದರೂ ಈ ಪೆಟ್ಟಿಗೆಯನ್ನು ಹೊರಗೆ ನಿಲ್ಲಿಸುವವರ ಪಕ್ಷ ನಾನು ವಹಿಸಲಾರೆ. ನಮ್ಮ ಹವ್ಯಾಸಕ್ಕೆ ಇಂಟರ್ನೆಟ್ ಬಂದು ಬಹಳ ಕಾಲವಾಯಿತು. 1997ರಲ್ಲಿ ಕೆನಡಾದ ಡೇವಿಡ್ ಕ್ಯಾಮರಾನ್ ಅವರು ಆರಂಭಿಸಿದ ಐಆರ್‌ಎಲ್‌ಪಿ ಎಂಬ ಜಾಲ, ದೂರದೂರದ ರಿಪೀಟರುಗಳನ್ನು, ಅಂದರೆ ಬಂದ ಸಂಕೇತವನ್ನು ಮತ್ತೆ ಬಿತ್ತರಿಸಿ ದೂರಕ್ಕೆ ಮುಟ್ಟಿಸುವ ನಿಲಯಗಳನ್ನು, ಇಂಟರ್ನೆಟ್ ಮೂಲಕ ಜೋಡಿಸಿತು. ಅದರಲ್ಲಿ ಮಾತನಾಡುವ ಎರಡೂ ತುದಿಯವರು ರೇಡಿಯೋದಿಂದಲೇ ಬರಬೇಕಿತ್ತು. 2002ರಲ್ಲಿ ಅಮೆರಿಕದ ಜೊನಾಥನ್ ಟೇಲರ್ ಅವರು ಎಕೋಲಿಂಕ್ ಎಂಬ ತಂತ್ರಾಂಶ ತಂದಾಗ ಕಂಪ್ಯೂಟರಿನ ಮುಂದೆ ಕುಳಿತವರೂ ಸೇರಿಕೊಂಡರು. ಆದರೆ ಪರವಾನಗಿ ತೋರಿಸಿದ ಮೇಲೆಯೇ ಪ್ರವೇಶ. ನೆಟ್‌ವರ್ಕ್ ರೇಡಿಯೋ ಇದೇ ದಾರಿಯಲ್ಲಿ ಮುಂದೆ ಬಂದದ್ದು. ಅದರಲ್ಲಿ ಎಕೋಲಿಂಕ್ ಆ್ಯಪ್ ಹಾಕಿಕೊಂಡರೆ ಸಾವಿರಾರು ಮೈಲಿ ಆಚೆಯ ರಿಪೀಟರನ್ನು ಎಬ್ಬಿಸಬಹುದು, ಆ ಊರಿನ ಬೀದಿಯಲ್ಲಿ ಹ್ಯಾಂಡ್‌ಸೆಟ್ ಹಿಡಿದು ನಡೆಯುತ್ತಿರುವ ಹ್ಯಾಮ್ ಜೊತೆ ಮಾತನಾಡಬಹುದು.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿರುವ ಹ್ಯಾಮ್ ಒಬ್ಬರನ್ನು ನೆನೆಯಿರಿ. ತಾರಸಿ ಎಲ್ಲರದು, ಅಲ್ಲಿ ಆಂಟೆನಾ ಕಟ್ಟಲು ಸಂಘದವರು ಒಪ್ಪುವುದಿಲ್ಲ. ಬಾಲ್ಕನಿಯಲ್ಲಿ ತಂತಿ ಎಳೆದರೂ ಸುತ್ತಲಿನ ಎಲ್‌ಇಡಿ ದೀಪ, ಇನ್ವರ್ಟರ್‌ಗಳ ಗೊರಗೊರ ಸದ್ದಿನಲ್ಲಿ ಕ್ಷೀಣ ಸಂಕೇತಗಳೆಲ್ಲ ಮುಳುಗಿಹೋಗುತ್ತವೆ. ವಯಸ್ಸಾಗಿ ಮಗನ ಮನೆಗೆ ಹೋಗಿ ನೆಲೆಸಿದವರು, ಓದಲು ಹಾಸ್ಟೆಲ್ ಸೇರಿದವರು, ಇವರಿಗೆಲ್ಲ ಈ ಪುಟ್ಟ ಸಾಧನ ಗೆಳೆಯರ ಬಳಗವನ್ನು ಉಳಿಸಿಕೊಡುತ್ತದೆ. ಅದನ್ನು ಹಗುರವಾಗಿ ಕಾಣುವುದು ನನ್ನಿಂದಾಗದು.

ಆದರೆ ಒಂದು ವಿಷಯದಲ್ಲಿ ನನಗೆ ರಾಜಿಯಿಲ್ಲ. ಮಾತು ಯಾವ ದಾರಿಯಲ್ಲಿ ಹೋಯಿತು ಎಂಬುದನ್ನು ಹ್ಯಾಮ್ ಆದವನು ತಿಳಿದಿರಬೇಕು, ಮರೆಮಾಚದೆ ಹೇಳಬೇಕು. ನಾವು ಒಬ್ಬರಿಗೊಬ್ಬರು ಐವತ್ತೊಂಬತ್ತು ಎಂದು ವರದಿ ಕೊಡುತ್ತೇವಲ್ಲ, ಅದರಲ್ಲಿ ಐದು ಮಾತಿನ ಸ್ಪಷ್ಟತೆಗೆ, ಒಂಬತ್ತು ಸಂಕೇತದ ಬಲಕ್ಕೆ. ಸರ್ವರಿನಿಂದ ಬಂದ ದನಿಗೆ ಸಂಕೇತದ ಬಲ ಎಂಬುದೇ ಇಲ್ಲದಿರುವಾಗ ಆ ಒಂಬತ್ತಕ್ಕೆ ಅರ್ಥವೇನು? ನೂರು ದೇಶ–ಪ್ರದೇಶಗಳನ್ನು ಸಂಪರ್ಕಿಸಿದವರಿಗೆ ಸಿಗುವ ಡಿಎಕ್ಸ್‌ಸಿಸಿ ಪ್ರಶಸ್ತಿಗೆ ಇಂಥ ಸಂಪರ್ಕಗಳನ್ನು ಎಣಿಸುವುದಿಲ್ಲ. ಅದು ಸರಿಯೇ. 14 ಮೆಗಾಹರ್ಟ್ಸ್‌ನಲ್ಲಿ ಅಯಾನುಗೋಳಕ್ಕೆ, ಅಂದರೆ ವಾತಾವರಣದ ಮೇಲಿನ ವಿದ್ಯುದಾವೇಶದ ಪದರಕ್ಕೆ, ತಾಗಿ ಮರಳಿದ ದನಿಯನ್ನು ಹಿಡಿಯಲು ಸೂರ್ಯನ ಕಲೆಗಳ ಏರಿಳಿತ, ಹೊತ್ತು, ಋತು ಎಲ್ಲವನ್ನೂ ಅರಿತಿರಬೇಕು. ಆ ವಿದ್ಯೆ ಸಿಮ್ ಕಾರ್ಡಿನಿಂದ ಬರುವುದಿಲ್ಲ.

ವಿಪತ್ತಿನ ದಿನ ಈ ವ್ಯತ್ಯಾಸಕ್ಕೆ ಜೀವದ ಬೆಲೆ ಇರುತ್ತದೆ. 2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಹ್ಯಾಮ್ ಭಾರತಿ ಪ್ರಸಾದ್ ಅವರು ಹವ್ಯಾಸಿ ನಿಲಯ ನಡೆಸಲೆಂದು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ದೂರವಾಣಿ ಸಂಪರ್ಕ ಕುಸಿದಿತ್ತು. ಬದುಕುಳಿದವರ ಸುದ್ದಿ ಅವರ ನಿಲಯದಿಂದ, ಬರಿಯ ರೇಡಿಯೋ ಅಲೆಗಳ ಮೇಲೆ, ಭಾರತದ ಮುಖ್ಯ ಭೂಭಾಗ ಮುಟ್ಟಿತು. ಟವರನ್ನು ನಂಬಿದ ಯಾವ ಪೆಟ್ಟಿಗೆಯೂ ಆ ಕೆಲಸ ಮಾಡಲಾರದು. ಹಾಗಾಗಿ ನೆಟ್‌ವರ್ಕ್ ರೇಡಿಯೋ ಕೊಂಡವರು ಟವರಿನ ಹಂಗಿಲ್ಲದೆ ನೇರವಾಗಿ ಮಾತನಾಡಿಸುವ ಒಂದು ಸಾದಾ ವಿಎಚ್‌ಎಫ್ ರೇಡಿಯೋ ಸೆಟ್ಟನ್ನೂ ಚಾರ್ಜ್ ಮಾಡಿದ ಬ್ಯಾಟರಿಯೊಂದಿಗೆ ಇಟ್ಟುಕೊಳ್ಳಲಿ ಎಂದು ಕೇಳಿಕೊಳ್ಳುತ್ತೇನೆ.

ಬಳಸುವ ರೀತಿಯ ಬಗೆಗೂ ಒಂದೆರಡು ಮಾತು. ಮಾತು ತಲುಪಲು ತುಸು ತಡವಾಗುತ್ತದೆ; ಗುಂಡಿ ಒತ್ತಿದ ಕೂಡಲೇ ಮಾತನಾಡಿದರೆ ಮೊದಲ ಪದವೇ ಕತ್ತರಿಸಿಹೋಗುತ್ತದೆ. ಒತ್ತಿ, ಅರೆಗಳಿಗೆ ತಡೆದು, ನಿಮ್ಮ ಕಾಲ್‌ಸೈನ್, ಅಂದರೆ ಪರವಾನಗಿಯೊಂದಿಗೆ ಸಿಕ್ಕ ಗುರುತಿನ ಹೆಸರು, ಹೇಳಿ. ಒಬ್ಬರು ಮುಗಿಸಿದ ಮೇಲೆ ತುಸು ಬಿಡುವು ಕೊಡಿ. ತುರ್ತಿನವರು ನಡುವೆ ಬರಲು ಇರುವುದು ಆ ಬಿಡುವು ಒಂದೇ.

ಇನ್ನೂ ಹ್ಯಾಮ್ ಆಗದವರು ಮೊದಲು ಪರವಾನಗಿ ಪಡೆಯಬೇಕು. ಹನ್ನೆರಡು ವರ್ಷ ತುಂಬಿದ ಯಾರೂ ಪರೀಕ್ಷೆಗೆ ಕೂರಬಹುದು. ರಿಸ್ಟ್ರಿಕ್ಟೆಡ್ ಎಂಬ ಕೆಳಗಿನ ದರ್ಜೆಯ ಪರವಾನಗಿಗೆ ಚುಕ್ಕೆ-ಗೆರೆಗಳ ಮೋರ್ಸ್ ಸಂಕೇತ ಕಲಿಯಬೇಕಾಗಿಯೂ ಇಲ್ಲ; ರೇಡಿಯೋ ತತ್ವ ಮತ್ತು ನಿಯಮಗಳನ್ನು ಓದಿಕೊಂಡರೆ ಸಾಕು. ಅಲ್ಲಿಯವರೆಗೆ ಒಂದು ಶಾರ್ಟ್‌ವೇವ್ ಗ್ರಾಹಕ ಹಿಡಿದು ಕೇಳುತ್ತಾ ಕೂರಲು ಯಾವ ಅಡ್ಡಿಯೂ ಇಲ್ಲ.

ನಮಸ್ಕಾರ.